ಹೆಸರೋ, ಸಂಖ್ಯೆಯೋ?

(ವಿದ್ಯಾರ್ಥಿಗಳ ಕಂಪ್ಯೂಟರ್ ಶಿಬಿರದಲ್ಲಿ ನೀಡಿದ ಉಪನ್ಯಾಸ)



ವಿದ್ಯಾರ್ಥಿವೇತನದ ಅರ್ಜಿಗಳಿಗಾಗಿ ನೀವೊಂದು ಜಾವಾ ಪ್ರೋಗ್ರಾಂ ಬರೆದಿದ್ದೀರಿ ಎಂದಿಟ್ಟುಕೊಳ್ಳಿ. ಅರ್ಜಿ ಬಂದಿದ್ದರೆ 0, ಮಂಜೂರಾದರೆ 1, ತಿರಸ್ಕೃತವಾದರೆ 2 ಎಂದು ಒಂದು ಕ್ಲಾಸಿನಲ್ಲಿ 'ಸ್ಟ್ಯಾಟಿಕ್ ಫೈನಲ್ ಇಂಟ್' ಸ್ಥಿರಾಂಕಗಳನ್ನು ಇಟ್ಟಿದ್ದೀರಿ. ಅರ್ಜಿ ಮಂಜೂರು ಮಾಡುವ ಕ್ಲಾಸ್ ಒಂದು, ಅರ್ಜಿದಾರರಿಗೆ ಪತ್ರ ಮುದ್ರಿಸುವ ಕ್ಲಾಸ್ ಇನ್ನೊಂದು. ಎರಡೂ ಇವೇ ಸ್ಥಿರಾಂಕಗಳನ್ನು ಬಳಸುತ್ತವೆ.

ಮರುವರ್ಷ 'ಪರಿಶೀಲನೆಯಲ್ಲಿದೆ' ಎಂಬ ಹೊಸ ಹಂತ ಬೇಕಾಯಿತು. ಅದಕ್ಕೆ 1 ಕೊಟ್ಟು, ಮಂಜೂರಾತಿಯನ್ನು 2ಕ್ಕೆ, ತಿರಸ್ಕಾರವನ್ನು 3ಕ್ಕೆ ಸರಿಸಿದಿರಿ. ಮಂಜೂರಾತಿಯ ಕ್ಲಾಸನ್ನು ಮತ್ತೆ ಕಂಪೈಲ್ ಮಾಡಿದಿರಿ, ಪತ್ರದ ಕ್ಲಾಸನ್ನು ಮರೆತಿರಿ. ಪರಿಣಾಮವೇನು? ವೇತನ ಮಂಜೂರಾದ ಬಡ ವಿದ್ಯಾರ್ಥಿನಿಯ ಮನೆಗೆ ತಿರಸ್ಕಾರದ ಪತ್ರ ಹೋಗುತ್ತದೆ! ಕಂಪ್ಯೂಟರ್ ಯಾವ ದೋಷವನ್ನೂ ತೋರಿಸುವುದಿಲ್ಲ.

ಕಾರಣವಿಷ್ಟೇ. ಇಂತಹ ಸ್ಥಿರಾಂಕವನ್ನು ಬಳಸಿದ ಕಡೆಯಲ್ಲೆಲ್ಲ ಕಂಪೈಲರ್ ಹೆಸರನ್ನು ಬಿಟ್ಟು ಸಂಖ್ಯೆಯನ್ನೇ ಅಚ್ಚೊತ್ತುತ್ತದೆ. ಪತ್ರದ ಕ್ಲಾಸಿನೊಳಗೆ '2 ಎಂದರೆ ತಿರಸ್ಕಾರ' ಎಂಬ ಹಳೆಯ ಅರ್ಥವೇ ಉಳಿದಿದೆ.

2004ರಲ್ಲಿ ಬಂದ ಜಾವಾ 5 ಇದಕ್ಕೆ 'ಎನಮ್' ಎಂಬ ಪರಿಹಾರ ನೀಡಿತು. ಎನಮ್‌ನ ಪ್ರತಿಯೊಂದು ಸ್ಥಿರಾಂಕವೂ ಒಂದು ಆಬ್ಜೆಕ್ಟ್. ಬಳಸುವ ಕ್ಲಾಸಿನಲ್ಲಿ ಹೆಸರೇ ಉಳಿಯುತ್ತದೆ. ಪ್ರೋಗ್ರಾಂ ಓಡುವಾಗ ಆ ಹೆಸರಿನ ಆಬ್ಜೆಕ್ಟನ್ನು ಹುಡುಕಲಾಗುತ್ತದೆ. ನಡುವೆ ಹೊಸ ಹಂತ ಸೇರಿಸಿದರೂ ಮಂಜೂರಾತಿ ಮಂಜೂರಾತಿಯೇ. ಬಳಕೆಯಲ್ಲಿರುವ ಹೆಸರನ್ನೇ ಅಳಿಸಿದರೆ, ಅದು ಬೇಕಾದ ಕಡೆ ದೋಷ ಕಾಣಿಸಿಕೊಳ್ಳುತ್ತದೆ. ತಪ್ಪು ಉತ್ತರ ಬರುವುದಿಲ್ಲ.

ಇನ್ನೆರಡು ಲಾಭಗಳಿವೆ. ಅರ್ಜಿಯ ಸ್ಥಿತಿಯನ್ನು 'ಇಂಟ್' ಎಂದು ಕೇಳುವ ಮೆಥಡ್‌ಗೆ ವಿದ್ಯಾರ್ಥಿಯ ವಯಸ್ಸು ಕೊಟ್ಟರೂ ಕಂಪೈಲರ್ ಒಪ್ಪುತ್ತದೆ. ಎನಮ್ ಕೇಳುವ ಮೆಥಡ್‌ಗೆ ಸಂಖ್ಯೆ ಕೊಟ್ಟರೆ ಅಲ್ಲಿಯೇ ತಡೆಯುತ್ತದೆ. ಹಾಗೆಯೇ, ಪರದೆಯ ಮೇಲೆ ಮುದ್ರಿಸಿದರೆ ಬರಿಯ 2 ಕಾಣದೆ ಹೆಸರು ಕಾಣುತ್ತದೆ.

ಒಂದು ಎಚ್ಚರಿಕೆ. ಎನಮ್‌ನ 'ಆರ್ಡಿನಲ್' ಅಂದರೆ ಕ್ರಮಸಂಖ್ಯೆಯನ್ನು ಡೇಟಾಬೇಸ್‌ನಲ್ಲಿ ಉಳಿಸಬೇಡಿ, ಹೆಸರನ್ನೇ ಉಳಿಸಿ. ಇಲ್ಲವಾದರೆ ಬಾಗಿಲಿನಿಂದ ಹೊರಹಾಕಿದ ತಪ್ಪು ಕಿಟಕಿಯಿಂದ ಒಳಬರುತ್ತದೆ.

ಮಕ್ಕಳೇ, ನೀವು ಬರೆಯುವ ಪ್ರತಿ ಸಂಖ್ಯೆಯ ಹಿಂದೆ ಒಬ್ಬರ ಬದುಕಿರಬಹುದು. ಅದು ನಿಮ್ಮ ಕೈಗೆ ಒಪ್ಪಿಸಿದ ಅಮಾನತ್. ನಮ್ಮ ಜ್ಞಾನವನ್ನು ಅಲ್ಲಾಹನು ಜನರಿಗೆ ಉಪಕಾರಿಯಾಗಿಸಲಿ, ಆಮೀನ್.