ಕಾಯದೆ ಕೊಂಡ ಕಾರು

ನಾನು ಭಾಷಣ ಮಾಡೋನಲ್ಲ, ಸರ್ಕಾರಿ ಐಟಿಐನಲ್ಲಿ ಓದಿದ ಎಲೆಕ್ಟ್ರಿಷಿಯನ್. ಎಲೆಕ್ಟ್ರಿಕ್ ಕಾರಿನ ಬಗ್ಗೆ ನಾಲ್ಕು ಮಾತಾಡು ಅಂದ್ರು. ಬ್ಯಾಟರಿ, ಚಾರ್ಜರ್ ವಿಷಯ ಹೇಳ್ತೀನಿ ಅಂತ ಅಂದುಕೊಂಡಿರಬೇಕು. ನಾನು ಹೇಳೋದು ರೇಟಿನ ವಿಷಯ. ಯಾಕಂದ್ರೆ ಅದರಲ್ಲಿ ಕೈ ಸುಟ್ಟುಕೊಂಡವನು ನಾನೇ.

2022 ನೆನಪಿದೆಯಲ್ಲ? ಪೆಟ್ರೋಲ್ ಲೀಟರಿಗೆ 2 ಡಾಲರ್ ದಾಟಿತ್ತು. ಎಲ್ಲರಿಗೂ ಎಲೆಕ್ಟ್ರಿಕ್ ಕಾರೇ ಬೇಕು. ಆದರೆ ಚಿಪ್ ಸಿಗದೆ ಕಾರ್ಖಾನೆಗಳು ಕುಂಟುತ್ತಿದ್ದವು. ಯುರೋಪಿನಲ್ಲಿ ಹೊಗೆಯ ಮಿತಿ ಮೀರಿದ ಕಂಪನಿಗೆ ದಂಡ ಇತ್ತು, ಇಲ್ಲಿ ಆಗ ಅಂಥ ಕಾನೂನೇ ಇರಲಿಲ್ಲ. ಹಾಗಾಗಿ ತಯಾರಾದ ಕಾರು ಮೊದಲು ಅಲ್ಲಿಗೆ, ನಮಗೆ ಮಿಕ್ಕಿದ್ದು. ಟೆಸ್ಲಾ ಮಾಡೆಲ್ 3 ಓಡಿಸಿದ ಗಾಡಿಯನ್ನೇ ಜನ ಹೊಸದಕ್ಕಿಂತ ಜಾಸ್ತಿಗೆ ಮಾರಾಟಕ್ಕೆ ಇಟ್ಟಿದ್ದರು.

ನಮ್ಮ ಹ್ಯಾರಿಸ್ ಪಾರ್ಕ್ ಪಕ್ಕದಲ್ಲೇ ಚರ್ಚ್ ಸ್ಟ್ರೀಟ್, ಆಟೋ ಆಲಿ ಅಂತಾರೆ, ಸಾಲುಸಾಲು ಶೋರೂಮು. ಅಲ್ಲಿಗೆ ಹೋಗಿ ವಿಚಾರಿಸಿದೆ. ಹೊಸದಕ್ಕೆ ಹತ್ತು ತಿಂಗಳು ಅಂದ್ರು. ಮನಸ್ಸು ತಡೀಲಿಲ್ಲ. ಬೇರೆ ಕಡೆ ಒಂದು ಯಾರ್ಡಿನಲ್ಲಿ ಸ್ವಲ್ಪವೇ ಓಡಿದ ಗಾಡಿ, ಹೊಸದರ ಬೆಲೆಗಿಂತ ಆರು ಸಾವಿರ ಜಾಸ್ತಿ ಕೊಟ್ಟು, ಏಳು ವರ್ಷದ ಸಾಲದಲ್ಲಿ ತಂದೆ. ಹೊಸ ಕಾರಿಗೆ ನ್ಯೂ ಸೌತ್ ವೇಲ್ಸ್ ಸರ್ಕಾರ ಕೊಡ್ತಿದ್ದ 3000 ಡಾಲರ್ ಕೂಡ ಹಳೇ ಗಾಡಿಗೆ ಇಲ್ಲ ಅನ್ನೋದು ಆಮೇಲೆ ಗೊತ್ತಾಯ್ತು. ಓದದೆ ಸೈನ್ ಹಾಕಿದರೆ ಇನ್ನೇನಾಗುತ್ತೆ?

2023ರಲ್ಲಿ ಗಾಳಿ ತಿರುಗಿತು. ಟೆಸ್ಲಾ ತಾನೇ ಬೆಲೆ ಇಳಿಸಿತು. ಎಂಜಿ 4, ಬಿವೈಡಿ ಡಾಲ್ಫಿನ್, ರಿಜಿಸ್ಟ್ರೇಷನ್ ಖರ್ಚು ಬಿಟ್ಟು 40 ಸಾವಿರದ ಒಳಗೆ ಬಂದವು. ಅದೇ ಜುಲೈನಲ್ಲಿ ನಮ್ಮ ಕೋಲಾರದ ಮಾರ್ಕೆಟ್ಟಿನಲ್ಲಿ ಟೊಮ್ಯಾಟೊ 15 ಕೆಜಿ ಬಾಕ್ಸು 2000 ರೂಪಾಯಿ ದಾಟಿತ್ತು. ಅದನ್ನು ನೋಡಿ ನಮ್ಮಪ್ಪನೂ ನಾಟಿ ಹಾಕಿಸಿದರು. ಬೆಳೆ ಬರೋ ಹೊತ್ತಿಗೆ ರೇಟು ನೆಲ ಕಚ್ಚಿತು. ಫೋನಲ್ಲಿ ಅಪ್ಪ ಅದನ್ನ ಹೇಳ್ತಿದ್ದರೆ, ನನಗೆ ಹೊರಗೆ ನಿಂತ ಕಾರೇ ಕಾಣ್ತಿತ್ತು.

ಮುಂದಿನ ವರ್ಷ ಅಪ್ಪನಿಗೆ ಆಪರೇಷನ್. ಕಾರು ಮಾರೋಣ ಅಂತ ಹೋದೆ. ಅವರು ಹೇಳಿದ ಬೆಲೆ ಬಾಕಿ ಸಾಲಕ್ಕೂ ಸಾಕಾಗ್ತಿರಲಿಲ್ಲ. ವಾಪಸ್ ತಂದೆ. ರೂಮಿನ ಗೆಳೆಯರು ಕೈಗೂಡಿಸಿ ದುಡ್ಡು ಕಳಿಸಿದರು, ಅವರು ಇಲ್ಲೇ ಕೂತಿದ್ದಾರೆ.

ಈಗ ಕೊಳ್ಳೋರಿಗೆ ಕಾಲ ಚೆನ್ನಾಗಿದೆ. 2025ರ ಜನವರಿ 1ರಿಂದ ಇಲ್ಲೂ ಹೊಗೆಯ ಮಿತಿಯ ಕಾನೂನು ಬಂದಿದೆ, ಕಂಪನಿಗಳೇ ಎಲೆಕ್ಟ್ರಿಕ್ ಕಾರು ಮಾರೋಕೆ ನೋಡ್ತಿವೆ. ಆದರೆ ಸರ್ಕಾರದ 3000 ನಿಂತುಹೋಯ್ತು, ಮೆಲ್ಬರ್ನ್‌ನವರಿಗೆ ನಮಗಿಂತ ಮೊದಲೇ, 2023ರ ಜೂನ್‌ನಲ್ಲಿ. ಡೀಲರ್ ಹತ್ರ ಡ್ರೈವ್ ಅವೇ ಬೆಲೆ ಮಾತ್ರ ಕೇಳಿ. 'ಡೀಲರ್ ಡೆಲಿವರಿ' ಅನ್ನೋದು ಸರ್ಕಾರದ ಫೀ ಅಲ್ಲ, ಅವರದೇ. ಟಿಂಟು, ಪೇಂಟ್ ಪ್ರೊಟೆಕ್ಷನ್, ಗೋಡೆ ಚಾರ್ಜರ್ ಎಲ್ಲ ಸೇರಿಸಿ ಪ್ಯಾಕೇಜ್ ಅಂತಾರೆ. ಮನೇಲಿರೋ ಮಾಮೂಲಿ 10 ಆಂಪ್ ಪ್ಲಗ್ಗಿಗೆ ರಾತ್ರಿ ಹತ್ತು ಗಂಟೆ ಹಾಕಿದರೆ ನೂರು ಕಿಲೋಮೀಟರಿಗೆ ಮೋಸವಿಲ್ಲ. ಸಾಕೆಟ್ಟು, ವೈರಿಂಗ್ ಸರಿಯಿದೆಯಾ ಅಂತ ಒಮ್ಮೆ ತೋರಿಸಿ, ಅಷ್ಟೇ. ದಿನಕ್ಕೆ ನಲವತ್ತು ಓಡಿಸೋರಿಗೆ ಗೋಡೆ ಚಾರ್ಜರ್ ಯಾಕೆ? ಇದನ್ನು ಹೇಳಿ ನನ್ನ ಹೊಟ್ಟೆ ಮೇಲೆ ನಾನೇ ಹೊಡ್ಕೊಂಡೆ.

ನನ್ನ ಕಂತು 2029ರವರೆಗೆ ಇದೆ, ಪ್ರತಿ ಗುರುವಾರ ಹೋಗುತ್ತೆ. ಯಾರಾದರೂ ಕೊಟೇಷನ್ ತಂದಿದ್ದರೆ ಸೈನ್ ಹಾಕೋ ಮೊದಲು ತೋರಿಸಿ, ಊಟದ ಸಾಲಲ್ಲಿ ಸಿಗ್ತೀನಿ.