ಹೆರಿಗೆಗೂ ಹಂಗಾಮಿದೆ

(ಸಂಘದ ಬೆಳ್ಳಿಹಬ್ಬದ ಮಹಿಳಾ ಗೋಷ್ಠಿಯಲ್ಲಿ ನಿವೃತ್ತ ಆರೋಗ್ಯ ಸಹಾಯಕಿಯೊಬ್ಬರು ಮಾಡಿದ ಭಾಷಣ)



ಸಾಲ, ಗೊಬ್ಬರ, ಬಡ್ಡಿಯ ಮಾತಾಡುವ ವೇದಿಕೆಯಲ್ಲಿ ಬಸುರಿ ಬಾಣಂತಿಯರ ಮಾತು ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ಯಾಕೆ ಅಂಬೋದನ್ನೇ ಹೇಳಲು ನಿಂತಿದ್ದೇನೆ.

1996ರ ಒಂದು ರಾತ್ರಿ. ನಾನು ನೋಡಿಕೊಳ್ಳುತ್ತಿದ್ದ ಒಂದು ಹಳ್ಳಿಯಲ್ಲಿ ಎರಡನೇ ಹೆರಿಗೆ. ಕೂಸು ಹುಟ್ಟಿತು, ಮಾಸು ಬೀಳಲಿಲ್ಲ, ರಕ್ತ ನಿಲ್ಲಲಿಲ್ಲ. ಆಸ್ಪತ್ರೆಗೆ ಒಯ್ಯೋಣ ಅಂದೆ. "ನನ್ ಮಗ ಬರ್ಲಿ ನರ್ಸಮ್ಮಾ, ಅವನ್ನ ಕೇಳ್ದೆ ಹೆಂಗ ಕಳಸ್ಲಿ? ಕೈಯಾಗ ದುಡ್ಡೂ ಇಲ್ಲ" ಅಂದರು ಅತ್ತೆ. ಮಗ ಬಂದು, ಸಾಲ ಕೇಳಿ, ಟ್ರ್ಯಾಕ್ಟರ್ ಹುಡುಕುವಷ್ಟರಲ್ಲಿ ಬೆಳಕು ಹರಿಯಿತು. ಆಕೆ ದಾರಿಯಲ್ಲೇ ತೀರಿಕೊಂಡಳು. ನನ್ನ ತಪ್ಪೂ ಇತ್ತು. ಆಕೆಗೆ ರಕ್ತ ಕಡಿಮೆ ಇದೆ ಅಂತ ರಿಜಿಸ್ಟರಿನಲ್ಲಿ ಬರೆದಿದ್ದೆ, ಕಬ್ಬಿಣಾಂಶದ ಗುಳಿಗೆ ಕೊಟ್ಟಿದ್ದೆ. ನುಂಗಿದಳೋ ಇಲ್ಲವೋ ಕೇಳಲಿಲ್ಲ.

ಹೆರಿಗೆಯ ನಂತರ ರಕ್ತ ಸುರಿಯತೊಡಗಿದರೆ ಎರಡು ತಾಸಿನಲ್ಲೇ ಜೀವ ಹೋಗಬಹುದು. ಬಲ್ಲವರು ಮೂರು ತಡಗಳನ್ನು ಹೇಳುತ್ತಾರೆ: ಹೋಗೋಣ ಎಂದು ಮನೆಯಲ್ಲಿ ತೀರ್ಮಾನವಾಗುವ ತಡ, ದಾರಿಯ ತಡ, ಆಸ್ಪತ್ರೆ ಮುಟ್ಟಿದ ಮೇಲೆ ಚಿಕಿತ್ಸೆ ಸಿಗುವ ತಡ.

ದಾರಿಯ ತಡಕ್ಕೆ ಸರ್ಕಾರ ಸಾಕಷ್ಟು ಮಾಡಿದೆ. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂತು, 2008ರಲ್ಲಿ ನಮ್ಮ ರಾಜ್ಯಕ್ಕೆ 108 ಗಾಡಿ ಬಂತು, ಆಶಾ ಕಾರ್ಯಕರ್ತೆಯರು ಬಂದರು. 2005-06ರಲ್ಲಿ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 65 ಹೆರಿಗೆ ಆಸ್ಪತ್ರೆಯಲ್ಲಿ ಆಗುತ್ತಿದ್ದವು. 2019-21ರ ಸಮೀಕ್ಷೆಯಲ್ಲಿ 97. ಲಕ್ಷ ಹೆರಿಗೆಗೆ ತಾಯಂದಿರ ಸಾವು 2001-03ರಲ್ಲಿ 228 ಇದ್ದದ್ದು 2018-20ಕ್ಕೆ 69ಕ್ಕೆ ಇಳಿಯಿತು. ಇದು ಸಣ್ಣ ಮಾತಲ್ಲ.

ಆದರೆ ಆಸ್ಪತ್ರೆ ಮುಟ್ಟಿದರೆ ಸಾಕೇ? 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಮಾಡಿಸಿಕೊಂಡ ಐವರು ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅನುಮಾನ ಬಂದ ಸಲೈನ್ ಬಾಟಲಿಗಳ ಬಳಕೆಯನ್ನು ಸರ್ಕಾರ ತಡೆಹಿಡಿಯಿತು. ಆ ಮನೆಯವರು ತಡ ಮಾಡಿರಲಿಲ್ಲ, ಆಸ್ಪತ್ರೆಯನ್ನು ನಂಬಿ ಹೋಗಿದ್ದರು. ಆದ್ದರಿಂದ ಔಷಧಿ ಪರೀಕ್ಷೆ ಆಗಿದೆಯೇ, ರಕ್ತ ಇದೆಯೇ, ವೈದ್ಯರು ಇದ್ದಾರೆಯೇ ಎಂದು ಕೇಳುವ ಹಕ್ಕು ನಮ್ಮದು. ನೆರೆಯ ಶ್ರೀಲಂಕಾ ಶ್ರೀಮಂತ ದೇಶವಲ್ಲ. ಹಳ್ಳಿಹಳ್ಳಿಗೆ ತರಬೇತಾದ ಸೂಲಗಿತ್ತಿಯರನ್ನು ಇಟ್ಟು, ಒಬ್ಬ ತಾಯಿ ಸತ್ತರೂ ಯಾಕೆ ಸತ್ತಳು ಎಂದು ವಿಚಾರಣೆ ಮಾಡಿ, ಸಾವುಗಳನ್ನು ಇಳಿಸಿತು.

ಇನ್ನು ಮನೆಯ ತಡ. ಇದು ಯಾವ ಸರ್ಕಾರದ ಕೈಯಲ್ಲೂ ಇಲ್ಲ, ನಮ್ಮ ಕೈಯಲ್ಲಿದೆ. ಸರ್ಕಾರದ ಸಹಾಯಧನ ಆಮೇಲೆ ಖಾತೆಗೆ ಬರುತ್ತದೆ. ನಡುರಾತ್ರಿ ಬೇಕಾದದ್ದು ಕೈಯಲ್ಲಿರುವ ದುಡ್ಡು. ಬಿತ್ತನೆಗೆ ಸಾಲವನ್ನು ಹಂಗಾಮಿಗೆ ಮೊದಲೇ ಮಂಜೂರು ಮಾಡ್ತೀವಿ ಹೌದಲ್ರೀ? ಮಳೆ ಬಂದ ಮೇಲೆ ಅರ್ಜಿ ತಗೊಂಡು ಕುಂತರೆ ಹದ ತಪ್ಪುತ್ತದೆ. ಹೆರಿಗೆಗೂ ಹಂಗಾಮಿದೆ, ಅದರ ತಿಂಗಳು ಮೊದಲೇ ಗೊತ್ತಿರುತ್ತದೆ.

ಸಂಘಕ್ಕೆ ನನ್ನ ಬೇಡಿಕೆ ಮೂರು. ಒಂದು, ಬಸುರಿಗೆ ಏಳು ತಿಂಗಳು ತುಂಬುತ್ತಲೇ ತಾಯಿ ಕಾರ್ಡ್ ನೋಡಿ ಸಣ್ಣದೊಂದು ತುರ್ತು ಸಾಲ ಮಂಜೂರಾಗಲಿ. ಅದು ಆಕೆಯ ಹೆಸರಿನಲ್ಲೇ ಇರಲಿ. ಹಾಗಾದರೆ ಗಂಡನ ದಾರಿ ಕಾಯಬೇಕಿಲ್ಲ. ಎರಡು, 108 ತಡವಾದರೆ ರಾತ್ರಿ ಬರಲು ಒಪ್ಪುವ ಗಾಡಿಯವರ ಫೋನ್ ನಂಬರುಗಳು ಸಂಘದ ಗೋಡೆಯ ಮೇಲಿರಲಿ. ಮೂರು, ಸಹಕಾರಿಗಳಿಗೆಂದೇ 2003ರಲ್ಲಿ ಆರಂಭವಾಗಿ, 2018ರಲ್ಲಿ ಬೇರೆ ಯೋಜನೆಯಲ್ಲಿ ಸೇರಿಹೋಗಿ, 2023ರಲ್ಲಿ ಮತ್ತೆ ಬಂದ ಯಶಸ್ವಿನಿಯಲ್ಲಿ ಮನೆಯ ಹೆಂಗಸರ ಹೆಸರು ಬಿಡದೆ ಬರೆಸಿರಿ.

ಅತ್ತೆಯಂದಿರಿಗೂ ಒಂದು ಮಾತು. 2019-21ರ ಸಮೀಕ್ಷೆಯ ಪ್ರಕಾರ ರಾಜ್ಯದ ಬಸುರಿಯರಲ್ಲಿ ನೂರಕ್ಕೆ 45ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ. ಸೊಸೆ ಎಲ್ಲರೂ ಉಂಡ ಮೇಲೆ ಉಣ್ಣೋದು ಬ್ಯಾಡ, ಜತೆಗೆ ಕೂಡಿಸಿಕೊಳ್ಳಿರಿ. ಗುಳಿಗೆ ನುಂಗಿದೆಯಾ ಅಂತ ಕೇಳಿರಿ. ಚೊಚ್ಚಲಿಗೆ ತವರಿಗೆ ಹೋಗುವಾಗ ತಾಯಿ ಕಾರ್ಡು ಸೀರೆಯ ಜೊತೆ ಚೀಲದಲ್ಲಿರಲಿ.

ಅಂದು ಉಳಿದ ಕೂಸು ಇಂದು ದೊಡ್ಡವಳಾಗಿದ್ದಾಳೆ. ಅವಳಿಗೆ ಅವ್ವನ ಮುಖ ಗೊತ್ತಿಲ್ಲ. ಸಂಘದ ಸುವರ್ಣ ಮಹೋತ್ಸವದ ಹೊತ್ತಿಗೆ ಈ ಊರಲ್ಲಿ ಅಂಥ ಮಗು ಒಂದೂ ಇರಬಾರದು.