ಊಟದ ಮೇಜಿನ ಫ್ರೆಂಚ್, ನಮ್ಮೂರಿನ ಕನ್ನಡ

(ರಾಬಿಗ್‌ನಲ್ಲಿ ಕನ್ನಡ ಗೆಳೆಯರು ಸೇರಿದ್ದ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹರೂಪ)



"ಸೌದಿಯಲ್ಲಿ ಕೂತು ಅರಬ್ಬಿ ಬಿಟ್ಟು ಫ್ರೆಂಚ್ ಯಾಕೆ ಕಲಿತೆ ಮಾರಾಯ?" ಅಂತ ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಕಾರಣ ಸರಳ. ನಮ್ಮ ಕ್ಯಾಂಟೀನಿನ ಊಟದ ಮೇಜು!

ನನ್ನ ತಂಡದಲ್ಲಿ ಟ್ಯುನೀಶಿಯಾ, ಮೊರಾಕೊ ಕಡೆಯವರೇ ಹೆಚ್ಚು. ಆ ಎರಡೂ ನಾಡುಗಳು 1956ರವರೆಗೆ ಫ್ರೆಂಚರ ಹಿಡಿತದಲ್ಲಿದ್ದವು. ಬೆಂಗಳೂರಿನ ಕನ್ನಡದಲ್ಲಿ ಇಂಗ್ಲಿಷ್ ಬೆರೆತಿರುವ ಹಾಗೆ ಇವರ ಅರಬ್ಬಿಯಲ್ಲಿ ಫ್ರೆಂಚ್ ಬೆರೆತಿದೆ. ರಾಬಿಗ್‌ಗೆ ಆ ಕಡೆಯ ಜನ ಹೊಸಬರೇನೂ ಅಲ್ಲ. ಈಜಿಪ್ಟ್, ಸಿರಿಯಾ, ಉತ್ತರ ಆಫ್ರಿಕಾ ಕಡೆಯಿಂದ ಮೆಕ್ಕಾಗೆ ಹೋಗುವ ಯಾತ್ರಿಕರು ಇಹ್ರಾಮ್ ತೊಡುವ ಜುಹ್ಫಾ ಇಲ್ಲೇ ಹತ್ತಿರದಲ್ಲಿದೆ. 2005ರಲ್ಲಿ ಪೆಟ್ರೋ ರಾಬಿಗ್ ಶುರುವಾಗುವುದಕ್ಕೆ ಶತಮಾನಗಳ ಮೊದಲೇ ಅವರು ಈ ದಾರಿಯಲ್ಲಿ ಬಂದು ಹೋದವರು.

ಕೆಲಸದ ಮಾತೆಲ್ಲ ಇಂಗ್ಲಿಷಿನಲ್ಲೇ ನಡೆಯುತ್ತೆ. ಆದರೆ ಮನೆ, ಮಕ್ಕಳು, ರಜೆ, ಫುಟ್‌ಬಾಲ್ ವಿಷಯ ಬಂದಾಗ ಅವರು ತಮ್ಮ ಮಾತಿಗೆ ಮರಳುತ್ತಾರೆ. ದಿನಾ ಜೊತೆಯಲ್ಲಿ ಉಣ್ಣುವವರು ಯಾಕೆ ನಗುತ್ತಿದ್ದಾರೆ ಅನ್ನೋದೇ ಗೊತ್ತಾಗದಿದ್ದರೆ ಸ್ನೇಹ ಬೆಳೆಯೋದು ಹೇಗೆ?

ಕಲಿಯೋಕೆ ಹೊರಟಾಗ ಮೊದಲು ಎದುರಾದ ತೊಡಕು ಕಿವಿಯದು. ಫ್ರೆಂಚಿನಲ್ಲಿ ಬರೆಯೋದೇ ಬೇರೆ, ಆಡೋದೇ ಬೇರೆ. "ನನಗೆ ಗೊತ್ತಿಲ್ಲ" ಅನ್ನೋದಕ್ಕೆ ಪುಸ್ತಕ "ಜ ನ ಸೆ ಪಾ" ಅಂತ ಕಲಿಸುತ್ತೆ. ಮೇಜಿನ ಬಳಿ ಕೇಳಿಸೋದು ಬರೀ "ಶೆ ಪಾ"! ಗೆಳೆಯರು ಅನ್ನೋದಕ್ಕೆ "ಲೆ", "ಆಮಿ" ಎರಡೂ ಅಂಟಿಕೊಂಡು "ಲೆಜಾಮಿ" ಆಗುತ್ತೆ. 80ಕ್ಕೆ ಅವರು "ನಾಲ್ಕು ಇಪ್ಪತ್ತು" ಅಂತಾರೆ, 97 ಅಂದರೆ "ನಾಲ್ಕು ಇಪ್ಪತ್ತು ಹದಿನೇಳು". ನಗಬೇಡಿ, ನಮ್ಮದೂ ಹಾಗೇ. ಪುಸ್ತಕದಲ್ಲಿ "ಏನು ಮಾಡುತ್ತಿದ್ದೀರಿ" ಅಂತ ಕಲಿತು ಬಂದವನಿಗೆ ಮೆಜೆಸ್ಟಿಕ್‌ನಲ್ಲಿ ಕೇಳಿಸೋದು "ಏನ್ಮಾಡ್ತಿದೀರ" ಅಲ್ಲವೇ? ಹಾಗಾಗಿ ಕೇಳಿಸಿದ್ದನ್ನು ಕೇಳಿಸಿದ ಹಾಗೆಯೇ ಕನ್ನಡ ಅಕ್ಷರದಲ್ಲಿ ಬರೆದುಕೊಂಡೆ. ಮೂಗಿನಿಂದ ಹೊರಡುವ ಸ್ವರಗಳಿಗೆ, ಗಂಟಲಿನ ರಕಾರಕ್ಕೆ ನಮ್ಮಲ್ಲಿ ಅಕ್ಷರವಿಲ್ಲ, ಆದರೂ ಮುಕ್ಕಾಲು ಪಾಲು ಕೆಲಸ ಆಯಿತು. ಒಂದು ಕಡೆ ಮಾತ್ರ ಕನ್ನಡಿಗನಿಗೆ ಪಾಠವೇ ಬೇಕಿಲ್ಲ. "ತು", "ವು" ಎರಡೂ ನಮ್ಮ ನೀನು, ನೀವು ಇದ್ದ ಹಾಗೆಯೇ.

ಎರಡನೆಯದು, ಮಾತು ನಿಲ್ಲದ ಹಾಗೆ ನೋಡಿಕೊಳ್ಳೋದು. ಅದಕ್ಕೆ ಇಡೀ ವ್ಯಾಕರಣ ಬೇಡ, ನಾಲ್ಕು ಮಾತು ಸಾಕು. "ಸ್ವಲ್ಪ ನಿಧಾನ" ಅನ್ನೋದಕ್ಕೆ "ಪ್ಲು ಲಾಂತ್‌ಮಾ". "ಹಾಗಂದ್ರೇನು?" ಅನ್ನೋದಕ್ಕೆ "ಸಾ ವ ದೀರ್ ಕ್ವಾ?". "ಹೌದಾ!" ಅನ್ನೋದಕ್ಕೆ "ಆ ಬೋಂ!". "ನೀನು?" ಅನ್ನೋದಕ್ಕೆ "ಎ ತ್ವಾ?". ಈ ಕೊನೆಯದು ಬಲು ಉಪಕಾರಿ. ನಾವು ಒಂದು ವಾಕ್ಯ ಹೇಳಿ "ಎ ತ್ವಾ?" ಅಂದರೆ ಸಾಕು, ಮುಂದಿನ ಐದು ನಿಮಿಷ ಅವರೇ ಮಾತಾಡುತ್ತಾರೆ, ನಾವು ಕೇಳುತ್ತಾ ಕಲಿಯಬಹುದು.

ಮೂರನೆಯದೇ ಮುಖ್ಯ, ಮತ್ತು ಅದು ನನ್ನ ಕೈಯಲ್ಲಿ ಇರಲಿಲ್ಲ. ನಾನು ತಡವರಿಸಿದಾಗ ಆ ಗೆಳೆಯರು ಇಂಗ್ಲಿಷಿಗೆ ಹಾರಲಿಲ್ಲ. ಕಾದರು, ಅದೇ ಮಾತನ್ನು ಬಿಡಿಸಿ ಇನ್ನೊಮ್ಮೆ ಹೇಳಿದರು, ಸೀದಾ ಉತ್ತರ ಕೊಟ್ಟರು. ಕೌನ್ಸಿಲ್ ಆಫ್ ಯೂರೋಪ್ 2001ರಲ್ಲಿ ಹೊರತಂದ ಭಾಷಾ ಕಲಿಕೆಯ ಚೌಕಟ್ಟಿನಲ್ಲಿ ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲುಗಳಿವೆ. ಮೊದಲ ಮೆಟ್ಟಿಲಿನಲ್ಲಿರುವವನು ಸರಳವಾಗಿ ಮಾತಾಡಬಲ್ಲ, ಆದರೆ ಎದುರಿನವರು ನಿಧಾನವಾಗಿ, ಸ್ಪಷ್ಟವಾಗಿ ಮಾತಾಡಿ ನೆರವಾಗಬೇಕು ಅಂತ ಅಲ್ಲಿ ಹೇಳಿದೆ. ಅಂದರೆ ಆರಂಭದ ಕಲಿಕೆಯಲ್ಲಿ ಅರ್ಧ ಹೊಣೆ ಆ ನುಡಿಯನ್ನು ಆಡುವವರದು.

ಈಗ ಹೇಳಿ, ನಮ್ಮೂರಿನಲ್ಲಿ ಏನಾಗುತ್ತೆ? ಬಿಹಾರದವರೋ ಬಂಗಾಳದವರೋ "ಎಷ್ಟು ಆಗುತ್ತೆ?" ಅಂತ ಕಷ್ಟಪಟ್ಟು ಕೇಳಿದರೆ ನಮ್ಮವರು "ಪಚಾಸ್ ರುಪಾಯಾ" ಅಂತಾರೆ. ಐಟಿ ಕಚೇರಿಯಲ್ಲಾದರೆ ಉತ್ತರ ಇಂಗ್ಲಿಷಿನಲ್ಲಿ. ಅದು ಒಳ್ಳೆಯ ಮನಸ್ಸಿನಿಂದಲೇ ಇರಬಹುದು. ಆದರೆ ಕೇಳಿದವರಿಗೆ ಏನು ಅರ್ಥವಾಗುತ್ತೆ? "ನಿನ್ನ ಕನ್ನಡ ಇಲ್ಲಿ ಬೇಕಿಲ್ಲ" ಅಂತ. ಆಮೇಲೆ "ಹತ್ತು ವರ್ಷವಾದರೂ ಇವರು ಕನ್ನಡ ಕಲಿಯಲ್ಲ" ಅಂತ ದೂರುವವರೂ ನಾವೇ!

ಕನ್ನಡ ಕಲಿಯಿರಿ ಅಂತ ಕೇಳುವ ಹಕ್ಕು ನಮಗಿದೆ, ಅದರಲ್ಲಿ ಎರಡು ಮಾತಿಲ್ಲ. ಆ ಹಕ್ಕಿನ ಜೊತೆಗೆ ಒಂದು ಕೆಲಸವೂ ಇದೆ. ಯಾರಾದರೂ ತಪ್ಪುತಪ್ಪಾಗಿ ಕನ್ನಡ ಆಡಿದರೆ ಕನ್ನಡದಲ್ಲೇ, ನಿಧಾನವಾಗಿ ಉತ್ತರ ಕೊಡೋಣ. ಉಚ್ಚಾರಣೆ ಕೇಳಿ ನಗೋದು ಬೇಡ. ಇಲ್ಲೇ ಹುಟ್ಟಿ ಬೆಳೆಯುತ್ತಿರುವ ನಮ್ಮ ಮಕ್ಕಳ ಜೊತೆಗೂ ಹಾಗೇ. ಅವರು ಕನ್ನಡದಲ್ಲಿ ತಡವರಿಸಿದಾಗ ಇಂಗ್ಲಿಷಿಗೆ ಜಾರದೆ ಒಂದು ನಿಮಿಷ ಕಾಯೋಣ.

ಟ್ಯುನೀಶಿಯಾದವರು ಒಬ್ಬ ಕನ್ನಡಿಗನಿಗಾಗಿ ಇಷ್ಟು ತಾಳ್ಮೆ ತೋರಿಸಿದರು. ನಮ್ಮ ನುಡಿಗಾಗಿ ನಾವು ಅಷ್ಟೂ ಮಾಡಲಾರೆವೇ?

ಸಿರಿಗನ್ನಡಂ ಗೆಲ್ಗೆ.